ಹಳಿಯ ಕ್ಲಿಪ್ಪಿಗೂ ಒಂದು ಸಂಖ್ಯೆ: ಎಷ್ಟು ಮಳೆಗಾಲ ಬಾಳೀತು ಈ ಗುರುತು?

ರೈಲು ಹಳಿಯನ್ನು ಕಾಂಕ್ರೀಟ್ ಸ್ಲೀಪರಿಗೆ ಬಿಗಿಹಿಡಿದಿರುವ ಬಾಗಿದ ಉಕ್ಕಿನ ಕ್ಲಿಪ್ಪನ್ನು ನಿಲ್ದಾಣದ ಕಟ್ಟೆಯ ಮೇಲೆ ನಿಂತು ಎಲ್ಲರೂ ನೋಡಿರುತ್ತಾರೆ. ಭಾರತೀಯ ರೈಲ್ವೆ ಇಂಥ ಸುಮಾರು 10 ಕೋಟಿ ಕ್ಲಿಪ್ಪುಗಳನ್ನು ಪ್ರತಿವರ್ಷ ಕೊಳ್ಳುತ್ತದೆ. ಜೊತೆಗೆ 5 ಕೋಟಿ ಲೈನರುಗಳು, ಎಂಟೂವರೆ ಕೋಟಿ ರಬ್ಬರ್ ಪ್ಯಾಡುಗಳು. 2025ರ ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್ ಸ್ಪರ್ಧೆಗೆ ರೈಲ್ವೆ ಸಚಿವಾಲಯ ಕೊಟ್ಟ ಒಂದು ಸಮಸ್ಯೆಯ ವಿವರಣೆಯಲ್ಲಿ ಈ ಅಂಕಿಗಳಿವೆ. ಇಷ್ಟೊಂದು ಬಿಡಿಭಾಗಗಳಲ್ಲಿ ಯಾವುದು ಯಾವ ತಯಾರಕನಿಂದ ಬಂತು, ಯಾವ ತಂಡದ್ದು, ಯಾವಾಗ ಹಾಕಿದ್ದು, ವಾರಂಟಿ ಎಂದಿಗೆ ಮುಗಿಯುತ್ತದೆ ಎಂಬುದನ್ನು ತಿಳಿಸುವ ವಿದ್ಯುನ್ಮಾನ ಗುರುತಿನ ವ್ಯವಸ್ಥೆ ಇಲ್ಲ. ಆದ್ದರಿಂದ ಲೇಸರ್ ಮೂಲಕ ಅವುಗಳ ಮೇಲೆ ಕ್ಯೂಆರ್ ಕೋಡ್ ಕೆತ್ತುವ, ಮೊಬೈಲಿನಲ್ಲಿ ಅದನ್ನು ಓದಿ ರೈಲ್ವೆಯ ಜಾಲತಾಣಗಳಿಗೆ ಜೋಡಿಸುವ ವಿಧಾನವನ್ನು ರೂಪಿಸಿಕೊಡಿ ಎಂದು ಸಚಿವಾಲಯ ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಕೇಳಿತ್ತು.

ಉದ್ದೇಶ ಸರಿಯಾದುದೇ. ಒಂದು ತಂಡದ ಕ್ಲಿಪ್ಪುಗಳು ಬಿರುಕು ಬಿಡುತ್ತಿವೆ ಎಂದು ಗೊತ್ತಾದರೆ ಆ ತಂಡದ ಉಳಿದವು ಎಲ್ಲೆಲ್ಲಿ ಕೂತಿವೆ ಎಂದು ಹುಡುಕಲು ಬೇರೆ ದಾರಿಯಿಲ್ಲ. ಆದರೆ ಸಚಿವಾಲಯದ ಪ್ರಶ್ನೆಯಲ್ಲೇ ಉತ್ತರದ ಅರ್ಧ ಭಾಗ ಅಡಗಿದೆ: ಲೇಸರ್ ಆಗಬೇಕು, ಕ್ಯೂಆರ್ ಆಗಬೇಕು. ಉಕ್ಕು, ನೈಲಾನ್, ರಬ್ಬರ್ ಎಂಬ ಮೂರು ಬೇರೆ ಬೇರೆ ವಸ್ತುಗಳಿಗೆ ಒಂದೇ ಯಂತ್ರ, ಒಂದೇ ಗುರುತು ಸಾಕೇ? ಜಲ್ಲಿಯ ಧೂಳು, ತುಕ್ಕು, ಗ್ರೀಸು, ಮಳೆಗಳ ನಡುವೆ ಆ ಗುರುತು ಎಷ್ಟು ಕಾಲ ಉಳಿದೀತು? ಈ ಪ್ರಶ್ನೆಗಳನ್ನು ಟೆಂಡರು ಕರೆಯುವ ಮೊದಲೇ ಕೇಳಬೇಕಾಗಿದೆ. ಹತ್ತು ಕೋಟಿ ಕ್ಲಿಪ್ಪುಗಳ ಮೇಲೆ ಗುರುತು ಕೆತ್ತಿ, ಐದು ವರ್ಷದ ಬಳಿಕ ಅದು ಕಾಣಿಸದೇ ಹೋದರೆ ವೆಚ್ಚವಷ್ಟೇ ಉಳಿಯುತ್ತದೆ.

ಚಿನ್ನಕ್ಕೆ ಒಪ್ಪುವುದು ಹಳಿಗೆ ಒಪ್ಪದು

ವಸ್ತುವಿನ ಮೈಮೇಲೆ ಸಂಖ್ಯೆ ಹಾಕುವುದು ನಮಗೆ ಹೊಸತಲ್ಲ. 2021ರ ಜುಲೈಯಿಂದ ಹಾಲ್‌ಮಾರ್ಕ್ ಚಿನ್ನದ ಒಡವೆಗಳ ಮೇಲೆ ಅಕ್ಷರ ಮತ್ತು ಅಂಕಿ ಬೆರೆತ ಆರು ಸ್ಥಾನಗಳ ಗುರುತು ಬರತೊಡಗಿತು. 2023ರ ಏಪ್ರಿಲ್ 1ರಿಂದ ಅದಿಲ್ಲದ ಹಾಲ್‌ಮಾರ್ಕ್ ಒಡವೆಯನ್ನು ಮಾರುವಂತಿಲ್ಲ. ಅದನ್ನೂ ಲೇಸರಿನಿಂದಲೇ ಬರೆಯುತ್ತಾರೆ. ಚಿನ್ನ ತುಕ್ಕು ಹಿಡಿಯದು, ಒಡವೆ ಬೀರುವಿನಲ್ಲಿ ಭದ್ರವಾಗಿರುತ್ತದೆ, ಗುರುತನ್ನು ಓದುವವನು ಅಂಗಡಿಯ ಬೆಳಕಿನಲ್ಲಿ ಭೂತಗನ್ನಡಿ ಹಿಡಿದು ಕೂತಿರುತ್ತಾನೆ. ಅಲ್ಲಿ ಲೇಸರು ಹೇಳಿ ಮಾಡಿಸಿದ ವಿಧಾನ.

ಅಡುಗೆ ಅನಿಲದ ಸಿಲಿಂಡರನ್ನು ನೋಡಿ. ಮುಂದಿನ ಪರೀಕ್ಷೆ ಎಂದು ಎಂಬುದನ್ನು ಹಿಡಿಕೆಯ ಕೆಳಗಿನ ಪಟ್ಟಿಯ ಮೇಲೆ ಬಣ್ಣದಲ್ಲಿ ಬರೆದಿರುತ್ತಾರೆ: ಎ ಎಂದರೆ ಜನವರಿಯಿಂದ ಮಾರ್ಚ್, ಬಿ ಎಂದರೆ ಏಪ್ರಿಲ್‌ನಿಂದ ಜೂನ್, ಹೀಗೆ, ಪಕ್ಕದಲ್ಲಿ ವರ್ಷದ ಕೊನೆಯ ಎರಡು ಅಂಕಿ. ಸಿಲಿಂಡರಿನ ಕ್ರಮಸಂಖ್ಯೆಯನ್ನು ಮಾತ್ರ ಲೋಹದಲ್ಲೇ ಒತ್ತಿರುತ್ತಾರೆ. ಪರೀಕ್ಷೆಯ ದಿನಾಂಕ ಪ್ರತಿ ಪರೀಕ್ಷೆಯ ಬಳಿಕ ಬದಲಾಗಬೇಕಾದದ್ದು, ಆದ್ದರಿಂದ ಅದಕ್ಕೆ ಬಣ್ಣ ಸಾಕು. ಕ್ರಮಸಂಖ್ಯೆ ಸಿಲಿಂಡರು ಗುಜರಿಗೆ ಹೋಗುವವರೆಗೂ ಬದಲಾಗಕೂಡದು, ಆದ್ದರಿಂದ ಅದಕ್ಕೆ ಒತ್ತು. ಯಾವ ಗುರುತು ಎಷ್ಟು ಕಾಲ ಬಾಳಬೇಕು ಎಂದು ಮೊದಲು ನಿರ್ಧರಿಸಿ, ಆಮೇಲೆ ವಿಧಾನವನ್ನು ಆರಿಸಿದ್ದಕ್ಕೆ ಇದಕ್ಕಿಂತ ಸರಳ ಉದಾಹರಣೆ ಸಿಗದು.

ಅಮೆರಿಕದ ರಕ್ಷಣಾ ಇಲಾಖೆ 2003ರಲ್ಲಿ ತಾನು ಕೊಳ್ಳುವ ವಸ್ತುಗಳಿಗೆ ವಿಶಿಷ್ಟ ಗುರುತು ಕಡ್ಡಾಯ ಮಾಡಿದಾಗ ಅನುಸರಿಸಿದ್ದೂ ಇದೇ ತತ್ವವನ್ನು. ಅಲ್ಲಿನ ಗುರುತಿನ ಮಾನದಂಡವಾದ ಮಿಲ್-ಸ್ಟ್ಯಾಂಡರ್ಡ್-130 ಒಂದೇ ಯಂತ್ರಕ್ಕೆ ಎಲ್ಲರನ್ನೂ ಕಟ್ಟಿಹಾಕುವುದಿಲ್ಲ. ವಸ್ತುವಿನ ಸಾಮಾನ್ಯ ಆಯುಷ್ಯದಷ್ಟು ಕಾಲ ಗುರುತು ಉಳಿಯಬೇಕು, ಆ ವಸ್ತು ಎದುರಿಸುವ ಪರಿಸರವನ್ನೂ ತೊಳೆಯುವಿಕೆಯನ್ನೂ ಅದು ತಾಳಿಕೊಳ್ಳಬೇಕು ಎಂಬುದು ಅದರ ಮುಖ್ಯ ಬೇಡಿಕೆ. ವಿಧಾನದ ಆಯ್ಕೆ ಎಂಜಿನಿಯರಿಗೆ ಬಿಟ್ಟದ್ದು.

ಒಂದೇ ಸಂಖ್ಯೆ, ಎರಡು ಚಕ್ರ

ಸಂಖ್ಯೆಯ ಮೇಲೆ ಎಷ್ಟು ಜೀವಗಳ ಭಾರ ಇರುತ್ತದೆ ಎಂಬುದಕ್ಕೆ ವಿಮಾನಯಾನದ ಚರಿತ್ರೆಯಲ್ಲಿ ಒಂದು ಪ್ರಕರಣವಿದೆ. 1989ರ ಜುಲೈ 19ರಂದು ಯುನೈಟೆಡ್ ಏರ್‌ಲೈನ್ಸ್‌ನ 232ನೇ ಸಂಖ್ಯೆಯ ಡಿಸಿ-10 ವಿಮಾನದ ಬಾಲದ ಎಂಜಿನ್ ಆಕಾಶದಲ್ಲೇ ಸಿಡಿಯಿತು. ಚೂರುಗಳು ಹೈಡ್ರಾಲಿಕ್ ಕೊಳವೆಗಳನ್ನು ಕತ್ತರಿಸಿದವು. ಉಳಿದೆರಡು ಎಂಜಿನ್‌ಗಳ ವೇಗವನ್ನಷ್ಟೇ ಹೆಚ್ಚುಕಡಿಮೆ ಮಾಡುತ್ತ ಪೈಲಟ್‌ಗಳು ಅಯೋವ ರಾಜ್ಯದ ಸೂ ಸಿಟಿಯಲ್ಲಿ ವಿಮಾನವನ್ನು ಇಳಿಸಲು ಯತ್ನಿಸಿದರು. ವಿಮಾನದಲ್ಲಿದ್ದ 296 ಮಂದಿಯಲ್ಲಿ 112 ಮಂದಿ ಸತ್ತರು.

ಸಿಡಿದದ್ದು ಎಂಜಿನ್ನಿನ ಮುಂಭಾಗದ ಟೈಟಾನಿಯಂ ಫ್ಯಾನ್ ಡಿಸ್ಕ್. ಅದರ ದೊಡ್ಡ ತುಂಡುಗಳು ಸುಮಾರು ಮೂರು ತಿಂಗಳ ಬಳಿಕ ಜೋಳದ ಹೊಲಗಳಲ್ಲಿ ಸಿಕ್ಕವು. ಡಿಸ್ಕಿನ ಸಂಖ್ಯೆ ಎಂಪಿಒ 00385. ತನಿಖಾಧಿಕಾರಿಗಳು ಆ ಸಂಖ್ಯೆಯನ್ನು ಹಿಡಿದು 1971ರ ಕಾರ್ಖಾನೆಯ ಕಡತಗಳಿಗೆ ಹೋದಾಗ ಬೆಚ್ಚಿಬೀಳುವ ಸಂಗತಿ ಎದುರಾಯಿತು. ಅದೇ ಅವಧಿಯಲ್ಲಿ ಅದೇ ಸಂಖ್ಯೆಯ ಎರಡು ಡಿಸ್ಕುಗಳು ದಾಖಲೆಯಲ್ಲಿದ್ದವು. ಅವುಗಳಲ್ಲಿ ಒಂದು ಅಲ್ಟ್ರಾಸಾನಿಕ್ ಪರೀಕ್ಷೆಯಲ್ಲಿ ಅನುಮಾನ ಕಂಡುಬಂದು ತಿರಸ್ಕೃತವಾಗಿತ್ತು. ಲೋಹವನ್ನು ಕರಗಿಸಿದ ಹಂತದ ದಾಖಲೆಗಳಲ್ಲೂ ಬಿರುಕುಗಳಿದ್ದವು. ಅದೇ ಲೋಹದ ಕರಗಿನಿಂದ ಹುಟ್ಟಿದ ಬೇರೆ ಡಿಸ್ಕುಗಳು ಯಾವ ಯಾವ ವಿಮಾನಗಳಲ್ಲಿ ಹಾರುತ್ತಿವೆ ಎಂಬುದು ಆಗಿನ ತುರ್ತು ಪ್ರಶ್ನೆ. ಹದಿನೆಂಟು ವರ್ಷ ಹಳೆಯ ಕಾಗದ ಅದಕ್ಕೆ ನೇರವಾಗಿ ಉತ್ತರಿಸಲಿಲ್ಲ.

ಅಲ್ಲಿ ಗುರುತು ಗಟ್ಟಿಯಾಗಿತ್ತು, ಕಡತ ಸಡಿಲವಾಗಿತ್ತು. ಇದಕ್ಕೆ ತದ್ವಿರುದ್ಧವಾದದ್ದು 2023ರಲ್ಲಿ ಬಯಲಾದ ಎಒಜಿ ಟೆಕ್ನಿಕ್ಸ್ ಪ್ರಕರಣ. ಲಂಡನ್ನಿನ ಈ ಮಾರಾಟಗಾರ ಸಂಸ್ಥೆ ಹಳೆಯ ಬೋಯಿಂಗ್ 737 ಹಾಗೂ ಏರ್‌ಬಸ್ 320 ವಿಮಾನಗಳಲ್ಲಿರುವ ಸಿಎಫ್ಎಂ-56 ಎಂಜಿನ್ನಿಗೆ ಸುಳ್ಳು ಪ್ರಮಾಣಪತ್ರಗಳೊಂದಿಗೆ ಬಿಡಿಭಾಗ ಒದಗಿಸಿತ್ತು. ಪೋರ್ಚುಗಲ್ಲಿನ ಟಿಎಪಿ ವಿಮಾನ ಸಂಸ್ಥೆಯ ತಂತ್ರಜ್ಞರು, ಕಾಗದದಲ್ಲಿ ಹೊಸತೆಂದು ನಮೂದಾಗಿದ್ದ ಸಣ್ಣ ಭಾಗವೊಂದು ಸವೆದಂತೆ ಕಂಡದ್ದರಿಂದ ಅನುಮಾನಗೊಂಡರು. ನೂರಕ್ಕೂ ಹೆಚ್ಚು ಎಂಜಿನ್‌ಗಳಲ್ಲಿ ಅಂಥ ಭಾಗಗಳು ಪತ್ತೆಯಾದವು. ಬ್ರಿಟನ್ನಿನ ಗಂಭೀರ ವಂಚನೆ ತನಿಖಾ ಕಚೇರಿ ಅದೇ ವರ್ಷದ ಡಿಸೆಂಬರಿನಲ್ಲಿ ತನಿಖೆ ಆರಂಭಿಸಿತು. ಬೋಲ್ಟು, ವಾಷರು, ಸೀಲುಗಳಂಥ ಸಣ್ಣ ಭಾಗಗಳಿಗೆ ಬಿಡಿಬಿಡಿಯಾಗಿ ಸಂಖ್ಯೆ ಇರುವುದಿಲ್ಲ. ಅವುಗಳ ಕುಲ ಗೋತ್ರವೆಲ್ಲ ಜೊತೆಗೆ ಬರುವ ಕಾಗದದಲ್ಲಿ. ಕಾಗದವೇ ಸುಳ್ಳಾದರೆ ಲೋಹ ಬಾಯಿ ಬಿಡುವುದಿಲ್ಲ.

ರೈಲ್ವೆಯ ಕ್ಲಿಪ್ಪು ಈ ಎರಡನೆಯ ವರ್ಗಕ್ಕೆ ಸೇರಿದ್ದು. ತಯಾರಕನ ಗುರುತು ಮತ್ತು ವರ್ಷ ಅದರ ಮೇಲೆ ಈಗಲೂ ಒತ್ತಿರುತ್ತದೆ ಎಂಬುದು ನಿಜ. ಆದರೆ ಒಂದು ವರ್ಷದಲ್ಲಿ ಒಬ್ಬ ತಯಾರಕ ಲಕ್ಷಗಟ್ಟಲೆ ಕ್ಲಿಪ್ಪು ಕೊಡುತ್ತಾನೆ. ಅಷ್ಟರಿಂದ ಕೆಟ್ಟ ತಂಡವನ್ನು ಒಳ್ಳೆಯದರಿಂದ ಬೇರ್ಪಡಿಸಲಾಗದು. ಒಂದು ಕಿಲೋಮೀಟರ್ ಹಳಿಯಲ್ಲಿ ಸಾಮಾನ್ಯವಾಗಿ 1,660 ಸ್ಲೀಪರುಗಳು, ಸ್ಲೀಪರಿಗೆ ನಾಲ್ಕರಂತೆ 6,640 ಕ್ಲಿಪ್ಪುಗಳು. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಪ್ರಯಾಣಿಕ ಒಂದು ಹಳಿಯ ಜೋಡಿಯ ಮೇಲೆಯೇ ಒಂಬತ್ತು ಲಕ್ಷಕ್ಕೂ ಹೆಚ್ಚು ಕ್ಲಿಪ್ಪುಗಳನ್ನು ದಾಟುತ್ತಾನೆ.

ಸುತ್ತಿಗೆ ಏಟಿನ ಗುಣ ಮತ್ತು ದೋಷ

ಗುರುತು ಹಾಕುವ ವಿಧಾನಗಳಲ್ಲಿ ಅತ್ಯಂತ ಹಳೆಯದೂ ಗಟ್ಟಿಯಾದದ್ದೂ ಎಂದರೆ ವಸ್ತು ಹುಟ್ಟುವಾಗಲೇ ಅಚ್ಚಿನಲ್ಲಿ ಮೂಡಿಸುವುದು. ಹಳಿಯನ್ನು ಕೆಂಪಗೆ ಕಾದಿರುವಾಗ ರೋಲರಿನಲ್ಲಿ ಎಳೆಯುವ ಹೊತ್ತಿಗೆ ಕಾರ್ಖಾನೆಯ ಹೆಸರು, ತಿಂಗಳು, ವರ್ಷ ಅದರ ಪಕ್ಕೆಯ ಮೇಲೆ ಉಬ್ಬಕ್ಷರಗಳಲ್ಲಿ ಬಂದುಬಿಡುತ್ತವೆ. ಹಳೆಯ ನಿಲ್ದಾಣಗಳಲ್ಲಿ ಚಾವಣಿಯ ಕಂಬಗಳಾಗಿಯೋ ಬೇಲಿಯ ಗೂಟಗಳಾಗಿಯೋ ನಿಂತಿರುವ ಹಳಿತುಂಡುಗಳಲ್ಲಿ ನೂರು ವರ್ಷ ಹಿಂದಿನ ಇಂಗ್ಲೆಂಡಿನ ಕಾರ್ಖಾನೆಯ ಹೆಸರನ್ನು, ಹತ್ತಾರು ಕೋಟು ಬಣ್ಣದ ಅಡಿಯಿಂದಲೂ, ಇಂದಿಗೂ ಓದಬಹುದು. ಯಾವ ಲೇಸರ್ ಕೆತ್ತನೆಯೂ ಇನ್ನೂ ಅಂಥ ಪರೀಕ್ಷೆಯನ್ನು ದಾಟಿಲ್ಲ; ಅದಕ್ಕೆ ಅಷ್ಟು ವಯಸ್ಸೇ ಆಗಿಲ್ಲ. ಅಚ್ಚಿನ ಗುರುತಿನ ಕೊರತೆ ಒಂದೇ: ಪ್ರತಿ ವಸ್ತುವಿಗೂ ಬೇರೆ ಸಂಖ್ಯೆ ಕೊಡುವುದು ಕಷ್ಟ.

ಅದಕ್ಕಾಗಿ ಬಂದದ್ದು ಅಕ್ಷರದ ಪಂಚು ಮತ್ತು ಸುತ್ತಿಗೆ. ಪೀಣ್ಯದ ಯಾವುದೇ ಸಣ್ಣ ವರ್ಕ್‌ಶಾಪಿನಲ್ಲಿ ಮರದ ಪೆಟ್ಟಿಗೆಯೊಂದರಲ್ಲಿ ಸೊನ್ನೆಯಿಂದ ಒಂಬತ್ತರವರೆಗಿನ ಪಂಚುಗಳು ಇದ್ದೇ ಇರುತ್ತವೆ. ವಾಹನಗಳ ಚಾಸಿ ಸಂಖ್ಯೆಯೂ ಮೂಲತಃ ಇದೇ ಬಗೆಯ ಒತ್ತಿನದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 122ನೇ ನಿಯಮ ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆ, ತಯಾರಿಕೆಯ ತಿಂಗಳುಗಳನ್ನು ವಾಹನದ ಮೇಲೆ ಮೂಡಿಸಬೇಕೆಂದು ವಿಧಿಸುತ್ತದೆ.

ಪಂಚಿನ ಏಟಿಗೆ ಒಂದು ವಿಶೇಷ ಗುಣವಿದೆ. ಕಣ್ಣಿಗೆ ಕಾಣುವ ಗುಳಿಯ ಕೆಳಗೆ, ಇನ್ನೂ ಆಳದವರೆಗೆ, ಲೋಹದ ಕಣಗಳು ನಜ್ಜುಗುಜ್ಜಾಗಿರುತ್ತವೆ. ಕಳ್ಳ ಚಾಸಿ ಸಂಖ್ಯೆಯನ್ನು ಗ್ರೈಂಡರಿನಿಂದ ನುಣ್ಣಗೆ ಉಜ್ಜಿ, ಮೇಲೆ ಬೇರೆ ಸಂಖ್ಯೆ ಹೊಡೆದರೂ ಕೆಳಗಿನ ನಜ್ಜು ಉಳಿಯುತ್ತದೆ. ವಿಧಿವಿಜ್ಞಾನ ಪ್ರಯೋಗಾಲಯದವರು ಆ ಜಾಗವನ್ನು ಪಾಲಿಷ್ ಮಾಡಿ, ತಾಮ್ರದ ಕ್ಲೋರೈಡ್ ಬೆರೆತ ಹೈಡ್ರೋಕ್ಲೋರಿಕ್ ಆಮ್ಲದ ದ್ರಾವಣವನ್ನು ಹಚ್ಚುತ್ತಾರೆ. ಫ್ರೈ ದ್ರಾವಣವೆಂದು ಅದಕ್ಕೆ ಹೆಸರು. ನಜ್ಜಾದ ಲೋಹ ಉಳಿದದ್ದಕ್ಕಿಂತ ಬೇರೆ ವೇಗದಲ್ಲಿ ಕರಗುವುದರಿಂದ ಅಳಿಸಿಹೋದ ಅಂಕಿಗಳು ನೆರಳಿನಂತೆ ಮೇಲೆದ್ದು ಬರುತ್ತವೆ. ತೆಳುವಾದ ಲೇಸರ್ ಕೆತ್ತನೆಯನ್ನು ಉಜ್ಜಿಹಾಕಿದರೆ ಹೀಗೆ ಮರಳಿ ಪಡೆಯುವುದು ಬಹಳ ಕಷ್ಟ, ಏಕೆಂದರೆ ಅದರ ಕೆಳಗೆ ನಜ್ಜಾದ ಆಳವಿರುವುದಿಲ್ಲ.

ಆದರೆ ಇದೇ ಗುಣ ಮತ್ತೊಂದು ಕಡೆ ದೋಷವಾಗುತ್ತದೆ. ಪಂಚಿನ ಚೂಪಾದ ಮೂಲೆಯಲ್ಲಿ ಒತ್ತಡ ಕೇಂದ್ರೀಕರಿಸುತ್ತದೆ. ಪದೇ ಪದೇ ಬಾಗಿ ನೆಟ್ಟಗಾಗುವ ಭಾಗಗಳಲ್ಲಿ ಬಿರುಕು ಹುಟ್ಟಲು ಅಷ್ಟೇ ಸಾಕು. ಗುರುತು ಹಾಕಿದ ಜಾಗದಿಂದಲೇ ವಸ್ತು ಮುರಿಯುವುದಕ್ಕಿಂತ ದೊಡ್ಡ ವ್ಯಂಗ್ಯ ಬೇರೆಯಿಲ್ಲ. ರೈಲು ಗಾಲಿಯ ಅಚ್ಚು ಇದಕ್ಕೆ ಒಳ್ಳೆಯ ನಿದರ್ಶನ. ಬೆಂಗಳೂರಿನ ಯಲಹಂಕದಲ್ಲಿ 1984ರಿಂದ ಇರುವ ರೈಲು ಗಾಲಿ ಕಾರ್ಖಾನೆ ಗಾಲಿಗಳ ಜೊತೆಗೆ ಅಚ್ಚುಗಳನ್ನೂ ತಯಾರಿಸುತ್ತದೆ. ಗಾಡಿ ಓಡುವಾಗ ಅಚ್ಚಿನ ಮೈಯ ಪ್ರತಿ ಬಿಂದುವೂ ಸುತ್ತಿಗೊಮ್ಮೆ ಎಳೆತಕ್ಕೂ ಸುತ್ತಿಗೊಮ್ಮೆ ಒತ್ತಡಕ್ಕೂ ಸಿಲುಕುತ್ತದೆ. ಆದ್ದರಿಂದ ಅದರ ಮೈಮೇಲೆ ಅಂಕಿ ಒತ್ತುವಂತಿಲ್ಲ. ಒತ್ತಡ ಇಲ್ಲವೆನ್ನುವಷ್ಟು ಕಡಿಮೆ ಇರುವ ತುದಿಯ ಮುಖವೇ ಗುರುತಿನ ಸ್ಥಳ. ಅಲ್ಲಿಯೂ ಒಂದು ತೊಡಕಿದೆ. ಅಚ್ಚಿನೊಳಗಿನ ಬಿರುಕನ್ನು ಪತ್ತೆಹಚ್ಚುವ ಅಲ್ಟ್ರಾಸಾನಿಕ್ ಉಪಕರಣವನ್ನು ಇಡಬೇಕಾದದ್ದೂ ಅದೇ ಮುಖದ ಮೇಲೆ. ಸಿಕ್ಕಸಿಕ್ಕಲ್ಲಿ ಅಂಕಿ ಒತ್ತಿದರೆ ಉಪಕರಣ ಸಮನಾಗಿ ಕೂರದು. ಗುರುತಿಗೆ ಜಾಗ ಆರಿಸುವುದು ವಿಧಾನ ಆರಿಸುವಷ್ಟೇ ಗಂಭೀರ ಕೆಲಸ ಎಂಬುದನ್ನು ಹೊರಗಿನವರು ಸಾಮಾನ್ಯವಾಗಿ ಗಮನಿಸುವುದಿಲ್ಲ.

ಚೂಪು ಮೂಲೆಯ ದೋಷವನ್ನು ತಗ್ಗಿಸಲು ದುಂಡು ಚುಕ್ಕೆಗಳ ಪಂಚು ಬಂತು. ಗಾಳಿಯ ಅಥವಾ ವಿದ್ಯುತ್ತಿನ ಬಲದಿಂದ ಗಟ್ಟಿ ಮೊಳೆಯೊಂದು ಟಕಟಕನೆ ಚುಕ್ಕೆ ಕುಟ್ಟುತ್ತ ಅಂಕಿ ಬರೆಯುವ ಡಾಟ್ ಪೀನ್ ಯಂತ್ರವೂ ಬಂತು. ಉಪ್ಪಿನ ದ್ರಾವಣ ಮತ್ತು ಕಡಿಮೆ ವೋಲ್ಟಿನ ವಿದ್ಯುತ್ ಹರಿಸಿ ಲೋಹವನ್ನು ಕೆಲವೇ ಮೈಕ್ರಾನಿನಷ್ಟು ಕರಗಿಸುವ ಎಚ್ಚಣೆಯ ವಿಧಾನ ಲೋಹಕ್ಕೆ ಏಟನ್ನೂ ಕೊಡದು, ಶಾಖವನ್ನೂ ಕೊಡದು. ಬೇರಿಂಗು, ಎಂಜಿನ್ ಭಾಗಗಳಿಗೆ ಅದು ಹೊಂದುತ್ತದೆ. ಹಳಿಯ ಪಕ್ಕದಲ್ಲಿ ಮಾತ್ರ ತುಕ್ಕು ಅದನ್ನು ಬೇಗ ತಿಂದುಬಿಡುತ್ತದೆ.

ಸದಾ ಬಿಗಿದಿರುವ ಸ್ಪ್ರಿಂಗಿನ ಮೇಲೆ ಲೇಸರು

ಈಗ ಕ್ಲಿಪ್ಪಿನ ವಿಷಯಕ್ಕೆ ಬರೋಣ. ಬಳಕೆಯಲ್ಲಿರುವ ಮಾರ್ಕ್-3 ಮಾದರಿಯ ಕ್ಲಿಪ್ಪು 20.64 ಮಿ.ಮೀ. ವ್ಯಾಸದ ಸಿಲಿಕಾನ್-ಮ್ಯಾಂಗನೀಸ್ ಉಕ್ಕಿನ ಸರಳನ್ನು ಕಾಯಿಸಿ ಬಾಗಿಸಿ, ಎಣ್ಣೆಯಲ್ಲಿ ಅದ್ದಿ ಹದಗೊಳಿಸಿದ ಸ್ಪ್ರಿಂಗು. ಹಳಿಯ ಪಾದವನ್ನು ಅದು 850ರಿಂದ 1,100 ಕಿಲೋಗ್ರಾಂ ಬಲದಿಂದ ಒತ್ತಿಹಿಡಿದಿರುತ್ತದೆ. ಗಾಡಿ ಇರಲಿ, ಇಲ್ಲದಿರಲಿ, ಈ ಬಿಗಿ ಹಗಲಿರುಳೂ ಇರುತ್ತದೆ. ಗಾಡಿ ಬಂದಾಗ ಪ್ರತಿ ಗಾಲಿಗೂ ಒಂದು ಅಲುಗು ಹೆಚ್ಚುವರಿ.

ಇಂಥ ಉಕ್ಕಿನ ಮೇಲೆ ಲೇಸರು ಎರಡು ಬಗೆಯಲ್ಲಿ ಕೆಲಸ ಮಾಡಬಲ್ಲದು. ಮೇಲ್ಮೈಯನ್ನು ಬರಿದೆ ಕಾಯಿಸಿ ಬಣ್ಣ ಬದಲಿಸುವುದು ಮೊದಲನೆಯದು. ಲೋಹ ಕರಗುವುದಿಲ್ಲ, ಒತ್ತಡದ ಭಯವಿಲ್ಲ, ವೇಗವೂ ಹೆಚ್ಚು. ಕಾರ್ಖಾನೆಯಿಂದ ಹೊರಬಿದ್ದ ದಿನ ಮೊಬೈಲು ಅದನ್ನು ಕ್ಷಣದಲ್ಲಿ ಓದುತ್ತದೆ. ಆದರೆ ಆ ಬಣ್ಣ ಒಂದು ತೆಳು ಆಕ್ಸೈಡ್ ಪೊರೆ. ಮೊದಲ ಮಳೆಗಾಲದ ತುಕ್ಕಿಗೆ ಅದು ಆಹುತಿ. ಎರಡನೆಯದು ಆಳವಾಗಿ ಕೆತ್ತುವುದು. ಲೋಹ ಕರಗಿ ಆವಿಯಾಗುತ್ತದೆ, ಗುಳಿಯ ಅಂಚಿನಲ್ಲಿ ಕರಗಿ ಉಳಿದದ್ದು ಪಕ್ಕದ ತಣ್ಣನೆಯ ಉಕ್ಕಿನಿಂದಾಗಿ ತಟ್ಟನೆ ಆರುತ್ತದೆ. ಅರ್ಧ ಶೇಕಡಕ್ಕಿಂತ ಹೆಚ್ಚು ಇಂಗಾಲವಿರುವ ಸ್ಪ್ರಿಂಗ್ ಉಕ್ಕು ಹಾಗೆ ಆರಿದಾಗ ಗಾಜಿನಂತೆ ಗಡಸಾಗಿ ಪೆಡಸಾಗುತ್ತದೆ. ಸೂಕ್ಷ್ಮ ಬಿರುಕುಗಳು ಅಲ್ಲಿಂದಲೇ ಶುರುವಾಗಬಹುದು. ಹೀಗಾಗಿ ಉಳಿಯುವ ಗುರುತು ಕ್ಲಿಪ್ಪಿಗೆ ಅಪಾಯ, ಅಪಾಯವಿಲ್ಲದ ಗುರುತು ಉಳಿಯುವುದಿಲ್ಲ ಎಂಬ ಇಕ್ಕಟ್ಟು.

ಈ ಇಕ್ಕಟ್ಟಿಗೆ ಪರಿಹಾರವಿಲ್ಲದಿಲ್ಲ. ಬಾಗುವಿಕೆಯ ಒತ್ತಡ ಅತಿ ಕಡಿಮೆ ಇರುವ ಸರಳಿನ ತುದಿಯ ಕಡೆ ಕೆತ್ತಬಹುದು. ಆದರೆ ಕ್ಲಿಪ್ಪಿನ ನಡುಗಾಲು ಸ್ಲೀಪರಿನ ಗೂಡಿನೊಳಗೆ ಹೊಕ್ಕಿರುತ್ತದೆ, ಮೂತಿ ಲೈನರಿನ ಮೇಲೆ ಒತ್ತಿಕೊಂಡಿರುತ್ತದೆ. ಹೊರಗೆ ಕಾಣುವ ಕಮಾನೇ ಬಹಳಷ್ಟು ಒತ್ತಡವನ್ನು ಹೊರುವ ಭಾಗ. ಉಳಿದ ಅಲ್ಪ ಜಾಗದಲ್ಲೂ ಸರಳು ದುಂಡಗಿದೆ: ಎಂಟು ಮಿ.ಮೀ. ಅಗಲದ ಚೌಕ ಕೋಡನ್ನು ಅದರ ಮೇಲೆ ಕೆತ್ತಿದರೆ ಅಂಚುಗಳು ನಡುವಿಗಿಂತ ಮುಕ್ಕಾಲು ಮಿ.ಮೀ.ಗೂ ಹೆಚ್ಚು ಕೆಳಗಿಳಿದಿರುತ್ತವೆ. ಕ್ಯಾಮೆರಾಕ್ಕೆ ಅದು ಸೊಟ್ಟ ಚೌಕ.

ವೇಗದ ಆಮಿಷವೂ ಇದೆ. ಒಂದು ಕ್ಲಿಪ್ಪಿಗೆ ಐದು ಸೆಕೆಂಡು ಎಂದಿಟ್ಟುಕೊಂಡರೆ ಹತ್ತು ಕೋಟಿ ಕ್ಲಿಪ್ಪುಗಳಿಗೆ, ಹಗಲಿರುಳು ನಿಲ್ಲದೆ ಓಡುವ ಹದಿನಾರು ಯಂತ್ರಗಳು ವರ್ಷದಲ್ಲಿ ಸಾಕಾಗುತ್ತವೆ. ಆಳದ ಕೆತ್ತನೆಗೆ ಮೂವತ್ತು ಸೆಕೆಂಡು ಬೇಕಾದರೆ ಯಂತ್ರಗಳ ಸಂಖ್ಯೆ ತೊಂಬತ್ತೈದಕ್ಕೆ ಏರುತ್ತದೆ. ಅತಿ ಕಡಿಮೆ ದರದವನಿಗೆ ಟೆಂಡರು ಎಂಬ ನಮ್ಮ ಪದ್ಧತಿಯಲ್ಲಿ ತಯಾರಕ ಯಾವ ಕೆತ್ತನೆಯನ್ನು ಆರಿಸುತ್ತಾನೆಂದು ಊಹಿಸುವುದು ಕಷ್ಟವಲ್ಲ. ಪರಿವೀಕ್ಷಕ ಕಾರ್ಖಾನೆಗೆ ಬಂದ ದಿನ ಎರಡೂ ಒಂದೇ ರೀತಿ ಓದಿಸಿಕೊಳ್ಳುತ್ತವೆ.

ಹಳಿಗಾವಲಿನ ಕೀಮ್ಯಾನ್ ಪ್ರತಿದಿನ ತನ್ನ ಪಾಲಿನ ಹಳಿಯುದ್ದಕ್ಕೂ ನಡೆದು ಸಡಿಲಾದ ಕ್ಲಿಪ್ಪನ್ನು ಸುತ್ತಿಗೆಯಿಂದ ಬಡಿದು ಕೂರಿಸುತ್ತಾನೆ. ತುಕ್ಕಿನಿಂದ ಕ್ಲಿಪ್ಪು ಗೂಡಿನಲ್ಲಿ ಕಚ್ಚಿಕೊಳ್ಳದಿರಲೆಂದು ಕಾಲಕಾಲಕ್ಕೆ ಗ್ರೀಸು ಬಳಿಯುವುದೂ ನಿಯಮ. ಸುತ್ತಿಗೆ ಏಟು, ಗ್ರೀಸು, ಅದರ ಮೇಲೆ ಕೂರುವ ಧೂಳು ಇವೆಲ್ಲವೂ ಪಾಲನೆಯ ಅಂಗ. ಗುರುತನ್ನು ಓದಬೇಕಾದವನು ಮೊದಲು ಬಟ್ಟೆಯಿಂದ ಒರೆಸಬೇಕು, ಬಗ್ಗಬೇಕು, ಬಿಸಿಲಿನಲ್ಲಿ ಮೊಬೈಲಿನ ಪರದೆ ನೋಡಬೇಕು, ಬೆನ್ನ ಹಿಂದೆ ಗಾಡಿ ಬರುತ್ತಿದೆಯೇ ಎಂದೂ ಕಿವಿಗೊಟ್ಟಿರಬೇಕು. ಹಳಿಯ ಮೇಲೆ ಕೆಲಸ ಮಾಡುವವನ ಕಣ್ಣನ್ನು ಪರದೆಗೆ ಅಂಟಿಸುವ ಯಾವ ಯೋಜನೆಯನ್ನೂ ಎರಡು ಬಾರಿ ಯೋಚಿಸಿ ಒಪ್ಪಬೇಕು.

ಪ್ಯಾಡಿನ ಕಥೆಯೇ ಬೇರೆ

ರಬ್ಬರ್ ಪ್ಯಾಡು ಹಳಿಗೂ ಸ್ಲೀಪರಿಗೂ ನಡುವೆ ಕೂರುತ್ತದೆ. ಅಂದರೆ ಹಳಿಯನ್ನು ಎತ್ತದೆ ಅದರ ಮುಖ ಯಾರಿಗೂ ಕಾಣದು. ಮುಖದ ಮೇಲೆ ಎಷ್ಟು ಸುಂದರ ಕ್ಯೂಆರ್ ಕೆತ್ತಿದರೂ ಅದು ಉಗ್ರಾಣದಲ್ಲಿ ಉಪಯುಕ್ತ, ಹಳಿಯಲ್ಲಿ ನಿರುಪಯುಕ್ತ. ಜೊತೆಗೆ ಅದು ಕಪ್ಪು ರಬ್ಬರು. ಕಪ್ಪಿನ ಮೇಲೆ ಲೇಸರಿನ ಸುಟ್ಟ ಗುರುತು ಎದ್ದು ಕಾಣುವುದಿಲ್ಲ. ಆದರೆ ಪ್ಯಾಡು ಅಚ್ಚಿನಲ್ಲಿ ಬೇಯುವ ವಸ್ತು. ತಿಂಗಳು, ತಂಡದ ಅಂಕಿಗಳನ್ನು ಬದಲಿಸಬಹುದಾದ ಸಣ್ಣ ಬಿಲ್ಲೆಯನ್ನು ಅಚ್ಚಿನಲ್ಲೇ ಕೂರಿಸಿದರೆ ಉಬ್ಬಕ್ಷರ ತಾನಾಗಿ ಬರುತ್ತದೆ. ಹೆಚ್ಚುವರಿ ಖರ್ಚು ಅತ್ಯಲ್ಪ. ನಮ್ಮ ಸ್ಕೂಟರಿನ ಟೈರಿನಲ್ಲಿ ಆಗುತ್ತಿರುವುದು ಇದೇ. ಪಕ್ಕೆಯ ಮೇಲಿನ ನಾಲ್ಕು ಅಂಕಿ 2324 ಎಂದಿದ್ದರೆ ಅದು 2024ರ 23ನೇ ವಾರದಲ್ಲಿ ತಯಾರಾದ ಟೈರು. ಟೈರು ಬೋಳಾದರೂ ಆ ಅಂಕಿಗಳು ಉಳಿದಿರುತ್ತವೆ.

ಗಾಜಿನ ನಾರು ಬೆರೆಸಿದ ನೈಲಾನ್ ಲೈನರುಗಳೂ ಅಚ್ಚಿನವೇ. ಅವಕ್ಕೂ ಇದೇ ಮಾತು ಅನ್ವಯಿಸುತ್ತದೆ. ನೈಲಾನಿಗೆ ತಕ್ಕ ಪುಡಿ ಬೆರೆಸಿದರೆ ಲೇಸರು ಚೆನ್ನಾಗಿ ಬರೆಯಬಲ್ಲದು, ಆದರೆ ಬಿಸಿಲಿಗೆ ಬಿಳಚುವ ಪ್ರಶ್ನೆ ಇದ್ದೇ ಇದೆ.

ಕ್ಯೂಆರ್ ಬಗ್ಗೆ ಒಂದು ಮಾತು. ಚಹಾದಂಗಡಿಯಲ್ಲಿ ಹಣ ಕೊಡಲು ನಾವು ಬಳಸುವ ಈ ಚೌಕ ಹುಟ್ಟಿದ್ದು ಕಾರಿನ ಬಿಡಿಭಾಗಗಳ ಲೆಕ್ಕಕ್ಕಾಗಿಯೇ. 1994ರಲ್ಲಿ ಜಪಾನಿನ ಡೆನ್ಸೊ ಸಂಸ್ಥೆಯಲ್ಲಿ. ಗರಿಷ್ಠ ಮಟ್ಟದ ದೋಷ ತಿದ್ದುಪಡಿಯನ್ನು ಅಳವಡಿಸಿದರೆ ಸುಮಾರು ಶೇ. 30ರಷ್ಟು ಹಾಳಾದರೂ ಅದು ಓದಿಸಿಕೊಳ್ಳುತ್ತದೆ. ಆದರೆ ಆ ಮಟ್ಟ ಹೆಚ್ಚಿದಂತೆ ಚೌಕವೂ ದೊಡ್ಡದಾಗುತ್ತದೆ. ಲೋಹದ ಸಣ್ಣ ಭಾಗಗಳಿಗೆ ವಿಮಾನ ಮತ್ತು ರಕ್ಷಣಾ ಉದ್ಯಮ ಆರಿಸಿಕೊಂಡದ್ದು ಕಡಿಮೆ ಜಾಗದಲ್ಲಿ ಅಷ್ಟೇ ಮಾಹಿತಿ ಹಿಡಿಸುವ, ಬೇಕೆಂದರೆ ಉದ್ದ ಪಟ್ಟಿಯಾಗಿಯೂ ಬರೆಯಬಹುದಾದ ಡೇಟಾ ಮ್ಯಾಟ್ರಿಕ್ಸ್ ಎಂಬ ಮತ್ತೊಂದು ಕೋಡನ್ನು. ದುಂಡು ಸರಳಿಗೆ ಪಟ್ಟಿಯಾಕಾರವೇ ಹೊಂದುತ್ತದೆ. ರೈಲ್ವೆ ಕ್ಯೂಆರ್‌ಗೆ ಅಂಟಿಕೊಂಡಿರುವುದಕ್ಕೆ ಅದು ಎಲ್ಲರಿಗೂ ಪರಿಚಿತ ಎಂಬುದನ್ನು ಬಿಟ್ಟು ಬೇರೆ ಕಾರಣ ಕಾಣದು. ಯಾವುದೇ ಕೋಡು ಇರಲಿ, ಪಕ್ಕದಲ್ಲಿ ಮನುಷ್ಯ ಬರಿಗಣ್ಣಿನಿಂದ ಓದಬಹುದಾದ ನಾಲ್ಕಾರು ಅಕ್ಷರಗಳು ಇರಲೇಬೇಕು. ಚೌಕದ ಅರ್ಧ ಹೋದರೆ ಇಡೀ ಮಾಹಿತಿ ಹೋಯಿತು. ಅಕ್ಷರದಲ್ಲಿ ಅರ್ಧ ಹೋದರೂ ಅರ್ಧ ಉಳಿಯುತ್ತದೆ.

ಇನ್ನು ಪ್ರತಿಯೊಂದು ಕ್ಲಿಪ್ಪಿಗೂ ಬೇರೆ ಸಂಖ್ಯೆ ಬೇಕೇ ಎಂಬುದೂ ವಿಚಾರಾರ್ಹ. ಸಚಿವಾಲಯ ಬಯಸುವ ವಿವರಗಳು, ಅಂದರೆ ತಯಾರಕ, ತಂಡ, ಪೂರೈಕೆಯ ದಿನ, ವಾರಂಟಿ, ಇವೆಲ್ಲವೂ ತಂಡಕ್ಕೆ ಸೇರಿದ ವಿವರಗಳೇ ಹೊರತು ಒಂಟಿ ಕ್ಲಿಪ್ಪಿನದಲ್ಲ. ಒಂದೇ ಕರಗಿನ ಉಕ್ಕು, ಒಂದೇ ಕುಲುಮೆ, ಒಂದೇ ದಿನದ ಹದ ಕಂಡ ಕ್ಲಿಪ್ಪುಗಳಿಗೆ ಒಂದೇ ತಂಡಸಂಖ್ಯೆ ಸಾಕು. ಹಾಗಾದರೆ ಬಿಸಿಯಿರುವಾಗಲೇ ಅಚ್ಚಿನಿಂದ ಒತ್ತಬಹುದು. ಆಮೇಲೆ ಬರುವ ಹದಗೊಳಿಸುವಿಕೆ ಆ ಒತ್ತಿನ ದುಷ್ಪರಿಣಾಮವನ್ನೂ ತಗ್ಗಿಸುತ್ತದೆ. ಈಗಾಗಲೇ ವರ್ಷವನ್ನು ಒತ್ತುತ್ತಿರುವಲ್ಲಿ ಮೂರು ಅಕ್ಷರ ಹೆಚ್ಚಿಸಿದರೆ ಸುಮಾರು ಹದಿನೇಳು ಸಾವಿರ ತಂಡಗಳನ್ನು ಬೇರ್ಪಡಿಸಬಹುದು. ಒಂಟಿ ಸಂಖ್ಯೆ ನಿಜಕ್ಕೂ ಬೇಕಾದದ್ದು ಗಾಲಿ, ಅಚ್ಚು, ಹಳಿ ತಿರುವಿನ ಕ್ರಾಸಿಂಗ್‌ಗಳಂಥ, ಪ್ರತ್ಯೇಕ ಚರಿತ್ರೆಯುಳ್ಳ ಭಾಗಗಳಿಗೆ.

ಪೀಣ್ಯ, ಹುಬ್ಬಳ್ಳಿ, ಬೆಳಗಾವಿಗಳ ಸಣ್ಣ ಘಟಕಗಳಿಗೂ ಈ ಚರ್ಚೆ ದೂರದ್ದಲ್ಲ. ದೊಡ್ಡ ಖರೀದಿದಾರ ಯಂತ್ರದ ಹೆಸರನ್ನೇ ಷರತ್ತಿನಲ್ಲಿ ಬರೆದರೆ ಕೆಲವು ಲಕ್ಷ ರೂಪಾಯಿಯ ಲೇಸರ್ ಯಂತ್ರವನ್ನು ಸಾಲ ಮಾಡಿ ಕೊಳ್ಳಬೇಕಾದವನು ಆ ಘಟಕದ ಮಾಲೀಕ. ಅದರ ಬದಲು ಗುರುತು ದಾಟಬೇಕಾದ ಪರೀಕ್ಷೆಯನ್ನು ಬರೆಯಬೇಕು. ಇಷ್ಟು ಗಂಟೆ ಉಪ್ಪುನೀರಿನ ಸಿಂಪಡಣೆ, ಆಮೇಲೆ ತಂತಿ ಬ್ರಷ್, ಆಮೇಲೆ ಗ್ರೀಸು ಬಳಿದು ಒರೆಸುವುದು. ಅಷ್ಟಾದ ಮೇಲೆ ಸಾಮಾನ್ಯ ಮೊಬೈಲಿನಲ್ಲಿ ಅಥವಾ ಕಣ್ಣಿನಲ್ಲಿ ಓದಲು ಬರಬೇಕು. ಗುರುತಿರುವ ಮತ್ತು ಗುರುತಿಲ್ಲದ ಕ್ಲಿಪ್ಪುಗಳನ್ನು ಒಟ್ಟಿಗೆ ಆಯಾಸ ಪರೀಕ್ಷೆಗೆ ಒಡ್ಡಿ ಎರಡರ ಆಯುಷ್ಯದಲ್ಲಿ ವ್ಯತ್ಯಾಸವಿಲ್ಲವೆಂದು ತೋರಿಸಬೇಕು. ಇದನ್ನು ಪೂರೈಸುವವನು ಲೇಸರು ಬಳಸಲಿ, ಡಾಟ್ ಪೀನ್ ಬಳಸಲಿ, ಬಿಸಿ ಅಚ್ಚು ಬಳಸಲಿ.

ಪ್ರಯೋಗಾಲಯದ ಪರೀಕ್ಷೆಯ ಜೊತೆಗೆ ಹಳಿಯ ಮೇಲಿನ ಪರೀಕ್ಷೆಯೂ ಬೇಕು. ಅದಕ್ಕೆ ತಕ್ಕ ಕಠಿಣ ತಾಣಗಳು ನಮ್ಮ ನೈಋತ್ಯ ರೈಲ್ವೆಯಲ್ಲೇ ಇವೆ. ಸಕಲೇಶಪುರ–ಸುಬ್ರಹ್ಮಣ್ಯ ರಸ್ತೆ ನಡುವಿನ ಘಟ್ಟದ ಸುರಂಗಗಳಲ್ಲಿ ತಿಂಗಳುಗಟ್ಟಲೆ ನೀರು ತೊಟ್ಟಿಕ್ಕುತ್ತದೆ. ಹೊಸಪೇಟೆಯಿಂದ ಕ್ಯಾಸಲ್‌ರಾಕ್ ಮೂಲಕ ವಾಸ್ಕೊಗೆ ಇಳಿಯುವ ದಾರಿಯಲ್ಲಿ ಅದಿರು ಮತ್ತು ಕಲ್ಲಿದ್ದಲಿನ ಧೂಳೂ ಇದೆ, 37 ಅಡಿಗೆ ಒಂದಡಿ ಏರುವ ಕಡಿದಾದ ಘಟ್ಟವೂ ಇದೆ, ಧಾರಾಕಾರ ಮಳೆಯೂ ಇದೆ. ಬೇರೆ ಬೇರೆ ವಿಧಾನಗಳಲ್ಲಿ ಗುರುತು ಹಾಕಿದ ಕೆಲವು ಸಾವಿರ ಕ್ಲಿಪ್ಪುಗಳನ್ನು ಅಲ್ಲಿ ಬೆರೆಸಿ ಕೂರಿಸಿ, ಪ್ರತಿ ಮಳೆಗಾಲದ ಬಳಿಕ ಎಷ್ಟು ಓದಲು ಬರುತ್ತವೆ ಎಂದು ಅದೇ ಭಾಗದ ಕೀಮ್ಯಾನ್‌ಗಳಿಂದಲೇ ಎಣಿಸಬಹುದು. ಕಡೇಪಕ್ಷ ಮೂರು ಮಳೆಗಾಲದ ಎಣಿಕೆ ಕೈಯಲ್ಲಿರಬೇಕು. ಅಷ್ಟರಲ್ಲಿ ಜಾಲತಾಣದ ತಂತ್ರಾಂಶವನ್ನು ರೂಪಿಸುವವರು ಉತ್ತರಿಸಬೇಕಾದ ಪ್ರಶ್ನೆಯೊಂದು ಉಳಿದಿದೆ: 2026ರಲ್ಲಿ ದಾಖಲಾದ ತಂಡದ ವಿವರ 2044ರಲ್ಲಿ, ಅಂದರೆ ಸೂ ಸಿಟಿಯ ಡಿಸ್ಕಿನಷ್ಟೇ ಹಳೆಯದಾದಾಗ, ಯಾವ ಕಂಪ್ಯೂಟರಿನಲ್ಲಿ, ಯಾರ ಸುಪರ್ದಿನಲ್ಲಿ ಇರುತ್ತದೆ?